ವಸಂತದ ರೆಡಿ-ಟು-ವೇರ್ ಸಂಗ್ರಹಗಳಲ್ಲಿ ಎದ್ದು ಕಂಡ ಲುಕ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್‌ಗಳ ವಸಂತ–ಬೇಸಿಗೆ ಶೋಗಳಿಂದ ಪ್ರತಿವರ್ಷ ಸಾವಿರಾರು ಫೋಟೊಗಳು ಬರುತ್ತವೆ. ಅವುಗಳಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರವೂ ಜನ ಹುಡುಕಿ ನೋಡುವಂಥವು ಕೆಲವೇ. ಆ ಉಡುಪುಗಳು ಹೇಗೆ ತಯಾರಾದವು, ಮೈಮೇಲೆ ಹೇಗೆ ನಿಲ್ಲುತ್ತವೆ, ಅವುಗಳ ಕೆಲಸವನ್ನು ನಮ್ಮ ಟೈಲರ್ ಹತ್ತಿರ ಎಷ್ಟರ ಮಟ್ಟಿಗೆ ಮಾಡಿಸಬಹುದು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ವಸಂತದ ಉಡುಪನ್ನು ಸೆಪ್ಟೆಂಬರ್‌ನಲ್ಲಿ ಏಕೆ ತೋರಿಸುತ್ತಾರೆ?

ಮಾಲು ಅಂಗಡಿಗೆ ತಲುಪಲು ಅಷ್ಟು ಸಮಯ ಬೇಕು. ರ‍್ಯಾಂಪ್ ಮೇಲೆ ಬರುವುದು ಸ್ಯಾಂಪಲ್ ಮಾತ್ರ. ಶೋ ಮುಗಿದ ಮೇಲೆ ಅಂಗಡಿಗಳ ಖರೀದಿದಾರರು ಷೋರೂಮಿಗೆ ಬಂದು, ಬಟ್ಟೆ ಮುಟ್ಟಿ ನೋಡಿ, ಯಾವ ಸೈಜಿನಲ್ಲಿ ಎಷ್ಟು ಬೇಕೆಂದು ಆರ್ಡರ್ ಬರೆಸುತ್ತಾರೆ. ಆಮೇಲೆ ಮಿಲ್ಲಿನಿಂದ ಬಟ್ಟೆ ತರಿಸಬೇಕು, ಸೈಜಿಗೊಂದು ಪ್ಯಾಟರ್ನ್ ತೆಗೆಯಬೇಕು, ಹೊಲಿದು ಕಳಿಸಬೇಕು. ಇದಕ್ಕೆಲ್ಲ ನಾಲ್ಕೈದು ತಿಂಗಳು ಹಿಡಿಯುತ್ತದೆ. ಹೀಗಾಗಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಂಡದ್ದು ಮುಂದಿನ ವರ್ಷದ ಜನವರಿ, ಫೆಬ್ರವರಿಯಿಂದ ಅಂಗಡಿಗಳಿಗೆ ಬರತೊಡಗುತ್ತದೆ. ಪುರುಷರ ವಸಂತ ಸಂಗ್ರಹಗಳ ಶೋ ಇನ್ನೂ ಮುಂಚೆ, ಜೂನ್‌ನಲ್ಲೇ ನಡೆಯುತ್ತದೆ.

ಈಗಿನ ಕ್ರಮ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್. ಮೊದಲು ಹೀಗಿರಲಿಲ್ಲ, ನ್ಯೂಯಾರ್ಕ್ ಕೊನೆಗೆ ಬರುತ್ತಿತ್ತು. 1998ರಲ್ಲಿ ಹೆಲ್ಮುಟ್ ಲ್ಯಾಂಗ್ ಯುರೋಪಿನವರಿಗಿಂತ ಮೊದಲೇ ತೋರಿಸಲು ತೀರ್ಮಾನಿಸಿದರು. ಉಳಿದವರೂ ಅದೇ ದಾರಿ ಹಿಡಿದರು, ಕ್ರಮ ತಿರುವುಮುರುವಾಯಿತು.

ಹುಡುಕುವಾಗ ಇದೊಂದು ನೆನಪಿರಲಿ: ‘ಸ್ಪ್ರಿಂಗ್ 2023’ ನಡೆದದ್ದು 2022ರ ಶರತ್ಕಾಲದಲ್ಲಿ. ಸುದ್ದಿಯ ದಿನಾಂಕಕ್ಕೂ ಸಂಗ್ರಹದ ಹೆಸರಿಗೂ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಫೋಟೊ ಸಿಗಲಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿ ಎಡವುವುದು ಇಲ್ಲೇ.

ರೆಡಿ-ಟು-ವೇರ್‌ಗೂ ಕುಟೂರ್‌ಗೂ ಏನು ವ್ಯತ್ಯಾಸ?

ರೆಡಿ-ಟು-ವೇರ್ ಎಂದರೆ ನಿಗದಿತ ಸೈಜುಗಳಲ್ಲಿ ತಯಾರಾಗಿ ಅಂಗಡಿಗೆ ಬರುವ ಉಡುಪು. ಓತ್ ಕುಟೂರ್ ಒಬ್ಬ ಗ್ರಾಹಕಿಯ ಅಳತೆಗೆ, ಹೆಚ್ಚಾಗಿ ಕೈಯಲ್ಲೇ ಹೊಲಿಯುವಂಥದ್ದು. ಫ್ರಾನ್ಸ್‌ನಲ್ಲಿ ಆ ಹೆಸರಿಗೆ 1945ರಿಂದ ಕಾನೂನಿನ ರಕ್ಷಣೆ ಇದೆ, ಬೇಕೆಂದವರೆಲ್ಲ ಬಳಸುವಂತಿಲ್ಲ. ಕುಟೂರ್ ಶೋಗಳು ಜನವರಿ ಮತ್ತು ಜುಲೈನಲ್ಲಿ ನಡೆಯುತ್ತವೆ. ಹಾಗೆಂದು ರೆಡಿ-ಟು-ವೇರ್ ರ‍್ಯಾಂಪಿನಲ್ಲಿ ಕಂಡದ್ದೆಲ್ಲ ಅಂಗಡಿಗೆ ಬರುತ್ತದೆ ಎಂದುಕೊಳ್ಳಬೇಡಿ. ಪ್ರತಿ ಸಂಗ್ರಹದಲ್ಲೂ ಒಂದೆರಡು ಪ್ರದರ್ಶನಕ್ಕೆಂದೇ ಮಾಡಿದವು ಇರುತ್ತವೆ. ಕೆಳಗೆ ಹೇಳುವ ಲುಕ್‌ಗಳಲ್ಲಿ ಕೆಲವು ಅಂಥವೇ.

‘ಲುಕ್’ ಎಂದರೆ ಒಂದು ಡ್ರೆಸ್ಸೇ?

ಅಲ್ಲ. ಒಬ್ಬ ಮಾಡೆಲ್ ತಲೆಯಿಂದ ಕಾಲಿನವರೆಗೆ ತೊಟ್ಟು ಬಂದ ಎಲ್ಲವೂ ಸೇರಿ ಒಂದು ಲುಕ್: ಉಡುಪು, ಚಪ್ಪಲಿ, ಚೀಲ, ಕೂದಲು, ಮೇಕಪ್. ರ‍್ಯಾಂಪಿಗೆ ಬಂದ ಕ್ರಮದಲ್ಲಿ ಅದಕ್ಕೆ ಸಂಖ್ಯೆ ಕೊಡುತ್ತಾರೆ. ಸಂಗ್ರಹದ ಮಾತು ಯಾವುದೆಂದು ಮೊದಲ ಲುಕ್ ಹೇಳುತ್ತದೆ. ಹಾಗಾಗಿ ಸಮಯ ಕಡಿಮೆ ಇದ್ದರೆ ಮೊದಲ ಐದು, ಕೊನೆಯ ಐದು ಲುಕ್ ನೋಡಿ. ಮಧ್ಯದಲ್ಲಿ ಬರುವ ಕೋಟು, ಪ್ಯಾಂಟು, ಶರ್ಟುಗಳೇ ಹೆಚ್ಚು ಮಾರಾಟವಾಗುವ ಮಾಲು.

ಒಂದು ಲುಕ್ ನಿಜವಾಗಿ ಚೆನ್ನಾಗಿದೆಯೋ, ಬರೀ ಸದ್ದು ಮಾಡುತ್ತಿದೆಯೋ ತಿಳಿಯುವುದು ಹೇಗೆ?

ಫೋಟೊವನ್ನು ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಆಕಾರ ಗುರುತು ಸಿಕ್ಕರೆ ಕಟಿಂಗ್‌ನಲ್ಲಿ ಶಕ್ತಿ ಇದೆ ಎಂದರ್ಥ. ಆಮೇಲೆ ವಿಡಿಯೊ ನೋಡಿ. ಮಾಡೆಲ್ ತಿರುಗಿದಾಗ ಬಟ್ಟೆ ಏನು ಮಾಡುತ್ತದೆ, ಬೆನ್ನು ಹೇಗಿದೆ, ನಡೆಯುವಾಗ ಕೈ ಸರಾಗವಾಗಿ ಆಡುತ್ತದೆಯೇ ಎಂದು ಗಮನಿಸಿ. ರ‍್ಯಾಂಪಿನ ಫೋಟೊ ಎದುರಿನಿಂದ ತೆಗೆದದ್ದು, ಬಹಳಷ್ಟನ್ನು ಮುಚ್ಚಿಡುತ್ತದೆ. ಕೊನೆಯದಾಗಿ ಬಟ್ಟೆ ಯಾವುದು, ಭಾರವನ್ನು ಹೊರುವ ಜಾಗ ಯಾವುದು ಎಂದು ಕೇಳಿಕೊಳ್ಳಿ. ಹೆಗಲೇ, ಎದೆಯೇ, ಸೊಂಟವೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಉಡುಪು ತನ್ನ ಅರ್ಧ ಗುಟ್ಟು ಬಿಟ್ಟುಕೊಟ್ಟ ಹಾಗೆ.

ಮಾಡೆಲ್ ಬೆಲ್ಲಾ ಹದೀದ್ ಮೈಮೇಲೆ ಸ್ಪ್ರೇ ಮಾಡಿದ ಡ್ರೆಸ್ ನಿಜವಾದ ಬಟ್ಟೆಯೇ?

ಹೌದು, ನೇಯದ ಬಟ್ಟೆ. 2022ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಕೋಪರ್ನಿ ಸಂಸ್ಥೆಯ ಸ್ಪ್ರಿಂಗ್ 2023 ಶೋನ ಕೊನೆಗೆ ಇದು ನಡೆಯಿತು. ಕೋಪರ್ನಿ ಸೆಬಾಸ್ಟಿಯನ್ ಮೇಯರ್ ಮತ್ತು ಆರ್ನೋ ವಯ್ಯಾಂ ಕಟ್ಟಿದ ಬ್ರ್ಯಾಂಡ್. ಸ್ಪ್ರೇ ದ್ರವ ಮಾನೆಲ್ ಟೊರೆಸ್ ಅವರ ಫ್ಯಾಬ್ರಿಕನ್ ಕಂಪನಿಯದು.

ಕ್ಯಾನಿನಲ್ಲಿ ಹತ್ತಿಯಂಥ ಚಿಕ್ಕ ಚಿಕ್ಕ ನಾರುಗಳು, ಅವನ್ನು ಅಂಟಿಸುವ ಪಾಲಿಮರ್, ಬೇಗ ಆವಿಯಾಗುವ ದ್ರಾವಕ ಇರುತ್ತವೆ. ಮೈಗೆ ತಾಗಿದೊಡನೆ ದ್ರಾವಕ ಆರಿಹೋಗುತ್ತದೆ, ನಾರುಗಳು ಒಂದಕ್ಕೊಂದು ಅಂಟಿಕೊಂಡು ಪೊರೆಯಾಗುತ್ತವೆ. ಆವಿಯಾಗುವ ದ್ರಾವಕ ಮೈಯ ಶಾಖವನ್ನು ಎಳೆದುಕೊಳ್ಳುವುದರಿಂದ ಚಳಿ ಹಿಡಿಯುತ್ತದೆ. ಸ್ಪ್ರೇ ಮುಗಿಯಲು ಸುಮಾರು ಒಂಬತ್ತು ನಿಮಿಷ ಬೇಕಾಯಿತು. ಬಳಿಕ ಕೋಪರ್ನಿಯ ವಿನ್ಯಾಸ ವಿಭಾಗದ ಮುಖ್ಯಸ್ಥೆ ಷಾರ್ಲೆಟ್ ರೇಮಂಡ್ ಬಂದು ಹೆಗಲ ಪಟ್ಟಿಯನ್ನು ತೋಳಿನ ಮೇಲೆ ಜಾರಿಸಿ, ಕತ್ತರಿಯಿಂದ ತೊಡೆಯವರೆಗೆ ಸೀಳು ತೆಗೆದರು.

ನಮ್ಮ ದೃಷ್ಟಿಯಲ್ಲಿ ಆ ಲುಕ್ ನಿಂತದ್ದು ಈ ಕೊನೆಯ ಒಂದೆರಡು ನಿಮಿಷದಲ್ಲೇ. ಅಲ್ಲಿಯವರೆಗೆ ಅದು ಮೈಗೆ ಬಳಿದ ಪೊರೆ. ಕತ್ತರಿ ಬಿದ್ದ ಮೇಲೆ ಅಂಚು ಬಂತು, ಬೀಳು ಬಂತು, ಡ್ರೆಸ್ ಆಯಿತು. ಮನೆಯಲ್ಲಿ ಬೇರೆ ಯಾವುದೋ ಸ್ಪ್ರೇ ಅಥವಾ ಅಂಟು ಬಳಸಿ ಇದನ್ನು ಅನುಕರಿಸಬೇಡಿ. ಕರಕುಶಲಕ್ಕೆ ಮಾರುವ ಸ್ಪ್ರೇ ಅಂಟುಗಳ ದ್ರಾವಕ ಚರ್ಮಕ್ಕೂ ಶ್ವಾಸಕೋಶಕ್ಕೂ ಅಪಾಯ, ಬೆಂಕಿಯೂ ಬೇಗ ಹತ್ತುತ್ತದೆ.

ರೋಬೋಟ್‌ಗಳು ಬಣ್ಣ ಎರಚಿದ ಬಿಳಿ ಡ್ರೆಸ್ ಇದಕ್ಕಿಂತ ಹಳೆಯದಲ್ಲವೇ?

ಬಹಳ ಹಳೆಯದು. ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಅವರ ಸ್ಪ್ರಿಂಗ್ 1999 ಸಂಗ್ರಹ, ಹೆಸರು ‘ನಂ. 13’, ಲಂಡನ್‌ನಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ತೋರಿಸಿದ್ದು. ಮಾಡೆಲ್ ಶಾಲೋಮ್ ಹಾರ್ಲೋ ತಿರುಗುವ ವೇದಿಕೆಯ ಮೇಲೆ ನಿಂತಿದ್ದರು. ಕಾರು ಕಾರ್ಖಾನೆಯ ಎರಡು ರೋಬೋಟ್ ತೋಳುಗಳು ಆಚೀಚೆಯಿಂದ ಕಪ್ಪು ಮತ್ತು ಹಳದಿ ಬಣ್ಣ ಸಿಂಪಡಿಸಿದವು. ಹಾರ್ಲೋ ಬ್ಯಾಲೆ ಕಲಿತವರು. ತೋಳುಗಳು ಹತ್ತಿರ ಬಂದಾಗ ಮೈ ಬಾಗಿಸಿದ, ಕೈ ಅಡ್ಡ ಹಿಡಿದ ರೀತಿಯಲ್ಲಿ ಆ ಕಲಿಕೆ ಕಾಣುತ್ತದೆ.

ಡ್ರೆಸ್‌ನ ರಚನೆ ಬಲು ಸರಳ: ಹತ್ತಿ ಮಸ್ಲಿನ್, ಎದೆಯ ಮೇಲ್ಭಾಗದಲ್ಲಿ ಒಂದು ಚರ್ಮದ ಪಟ್ಟಿ, ಒಳಗೆ ಅಗಲಕ್ಕೆ ಎತ್ತಿ ಹಿಡಿಯುವ ಟ್ಯೂಲ್, ಅಂದರೆ ನಮ್ಮ ಟೈಲರ್‌ಗಳು ಕ್ಯಾನ್‌ಕ್ಯಾನ್ ಎನ್ನುವಂಥ ಬಲೆ ಬಟ್ಟೆ. ಸರಳವಾಗಿದ್ದುದರಿಂದಲೇ ಬಣ್ಣಕ್ಕೆ ಜಾಗ ಸಿಕ್ಕಿತು. ಹತ್ತಿ ಬಣ್ಣವನ್ನು ಹೀರುತ್ತದೆ. ಅದೇ ಪಾಲಿಯೆಸ್ಟರ್ ಆಗಿದ್ದರೆ ಬಣ್ಣ ಮೇಲೆಯೇ ನಿಂತು ಕೆಳಗೆ ಹರಿಯುತ್ತಿತ್ತು.

ಮೆಕ್ವೀನ್ ಅವರ ‘ಆಯ್‌ಸ್ಟರ್ ಡ್ರೆಸ್’ನ ಫ್ರಿಲ್ ಹಾಗೆ ಅಲೆಅಲೆಯಾಗಿ ಬೀಳುವುದು ಹೇಗೆ? ನಾವು ಮಾಡಿಸಬಹುದೇ?

ಇದು ‘ಇರೆರೆ’ ಎಂಬ ಸ್ಪ್ರಿಂಗ್ 2003 ಸಂಗ್ರಹದ್ದು. ದಂತದ ಬಣ್ಣದ ರೇಷ್ಮೆ ಆರ್ಗಾಂಜಾ, ಜಾರ್ಜೆಟ್, ಶಿಫಾನ್ ಸೇರಿಸಿ ಮಾಡಿದ್ದಾರೆ. ಮೇಲ್ಭಾಗದಲ್ಲಿ ಒಳಗೆ ಗಟ್ಟಿ ಬಾಡಿಸ್, ಅದರ ಮೇಲೆ ಹರಿದಂತೆ ಕಾಣುವ ಶಿಫಾನ್. ಲಂಗದ ತುಂಬ ನೂರಾರು ಆರ್ಗಾಂಜಾ ವೃತ್ತಗಳನ್ನು ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಸಾಲುಸಾಲಾಗಿ ಹೊಲಿದಿದ್ದಾರೆ.

ಗುಟ್ಟು ವೃತ್ತದಲ್ಲಿದೆ. ಸಾಮಾನ್ಯ ಫ್ರಿಲ್‌ನಲ್ಲಿ ಉದ್ದನೆಯ ಪಟ್ಟಿಯನ್ನು ಸುಕ್ಕು ಹಿಡಿದು ಹೊಲಿಯುತ್ತಾರೆ. ಸುಕ್ಕೆಲ್ಲ ಹೊಲಿಗೆಯಲ್ಲೇ ಕೂತು ದಪ್ಪವಾಗುತ್ತದೆ. ವೃತ್ತದ ಫ್ರಿಲ್‌ನಲ್ಲಿ ಹೊಲಿಗೆಯ ಕಡೆ ಸುಕ್ಕೇ ಇಲ್ಲ, ಅಲೆ ಪೂರ್ತಿ ಹೊರ ಅಂಚಿನಲ್ಲಿ. ಲೆಕ್ಕ ಹೀಗೆ: ಹೊಲಿಗೆಯ ಗೆರೆ ಕೇಂದ್ರದಿಂದ 4 ಸೆಂ.ಮೀ., ಹೊರ ಅಂಚು 13 ಸೆಂ.ಮೀ. ಇರಲಿ. ಒಳಸುತ್ತು 25 ಸೆಂ.ಮೀ., ಹೊರಸುತ್ತು 82 ಸೆಂ.ಮೀ. ಆಗುತ್ತದೆ. ಅಂದರೆ 9 ಸೆಂ.ಮೀ. ಅಗಲದ ಫ್ರಿಲ್, ಹೊಲಿಗೆಗಿಂತ ಮೂರು ಪಟ್ಟಿಗೂ ಹೆಚ್ಚು ಉದ್ದದ ಅಂಚು. ಒಳರಂಧ್ರವನ್ನು 4ರ ಬದಲು 3 ಸೆಂ.ಮೀ. ತ್ರಿಜ್ಯಕ್ಕೆ ಕತ್ತರಿಸಿ, ಉಳಿದ 1 ಸೆಂ.ಮೀ. ಹೊಲಿಗೆಗೆ. ಅಂಚಿನಿಂದ ರಂಧ್ರದವರೆಗೆ ನೇರ ಸೀಳು ಹಾಕಿ, ಆ ಸೀಳಿನ ಬದಿಗಳಲ್ಲಿ ಒಂದು ವೃತ್ತವನ್ನು ಇನ್ನೊಂದಕ್ಕೆ ಜೋಡಿಸುತ್ತ ಹೋಗಿ. ಎರಡು ಬದಿಯ ಜೋಡಣೆಗೆ ತಲಾ 1 ಸೆಂ.ಮೀ. ಹೋಗುವುದರಿಂದ ಒಂದು ವೃತ್ತಕ್ಕೆ 23 ಸೆಂ.ಮೀ. ಮಾತ್ರ ಲೆಕ್ಕ ಹಿಡಿಯಬೇಕು. ಇದನ್ನು ಮರೆತವರಿಗೆ ಕೊನೆಯ ಸಾಲಿನಲ್ಲಿ ಬಟ್ಟೆ ಸಾಲದು.

150 ಸೆಂ.ಮೀ. ಸುತ್ತಿನ ಲಂಗದ ಒಂದು ಸಾಲಿಗೆ 7 ವೃತ್ತ, ಹತ್ತು ಸಾಲಿಗೆ 70. 44 ಇಂಚು ಪನ್ನಾದ ಬಟ್ಟೆಯಲ್ಲಿ ಅಡ್ಡಕ್ಕೆ ನಾಲ್ಕು ವೃತ್ತ ಕೂರುತ್ತವೆ, ಆದ್ದರಿಂದ ಸುಮಾರು 5 ಮೀಟರ್ ಆರ್ಗಾಂಜಾ ಬೇಕು. ಹೊಲಿಯುವ ಮುನ್ನ ಒಳ ಅಂಚಿಗೆ ಸೆಂಟಿಮೀಟರಿಗೊಂದರಂತೆ 7 ಮಿ.ಮೀ. ಆಳದ ಕಚ್ಚು ಹಾಕಿ, ಇಲ್ಲದಿದ್ದರೆ ವೃತ್ತ ನೇರ ಗೆರೆಗೆ ಬಗ್ಗದೆ ಸೆಟೆದುಕೊಳ್ಳುತ್ತದೆ. ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ, 4 ಸೆಂ.ಮೀ. ಅಂತರದಲ್ಲಿ ಕೂರಿಸಿ.

ಕೆಡುವುದು ಎರಡು ಕಡೆ. ಒಂದು, ಅಂಚು. ವೃತ್ತದಲ್ಲಿ ಕೆಲವು ಕಡೆ ಬಟ್ಟೆ ನೇರ ಎಳೆಯಲ್ಲಿ, ಕೆಲವು ಕಡೆ ಕ್ರಾಸ್‌ನಲ್ಲಿ, ಅಂದರೆ ಎಳೆಗೆ ಓರೆಯಾಗಿ, ಬರುವುದರಿಂದ ಎಳೆ ಬಿಚ್ಚುವುದೂ ಒಂದೇ ಸಮನಾಗಿರುವುದಿಲ್ಲ. ಪೀಕೋ ಮಾಡಿಸಿದರೆ ನಿಲ್ಲುತ್ತದೆ, ಅಂಚು ಸ್ವಲ್ಪ ಬಿರುಸಾಗಿ ಅಲೆ ಇನ್ನೂ ಎದ್ದು ಕಾಣುತ್ತದೆ. ಎರಡು, ಭಾರ. ಹತ್ತು ಸಾಲು ಫ್ರಿಲ್ಲನ್ನು ಬರೀ ಶಿಫಾನ್ ಮೇಲೆ ಹೊಲಿದರೆ ಶಿಫಾನ್ ಕೆಳಗೆ ಜಗ್ಗಿ ಲಂಗ ಸೊಟ್ಟಗಾಗುತ್ತದೆ. ಅಡಿಗೆ ಗಟ್ಟಿ ಬಟ್ಟೆ ಬೇಕು, ಸೊಂಟದಲ್ಲಿ ಅಗಲವಾದ ಬೆಲ್ಟ್ ಪಟ್ಟಿ ಬೇಕು.

ಜೆನಿಫರ್ ಲೋಪೆಜ್ ತೊಟ್ಟ ಹಸಿರು ವರ್ಸಾಚೆ ಗೌನ್ ಜಾರದೆ ನಿಂತದ್ದು ಹೇಗೆ?

ಅದು ಡೊನಾಟೆಲ್ಲಾ ವರ್ಸಾಚೆ ಅವರ ಸ್ಪ್ರಿಂಗ್ 2000 ಸಂಗ್ರಹದ್ದು. ಮಿಲಾನ್ ರ‍್ಯಾಂಪಿನಲ್ಲಿ ಮೊದಲು ತೊಟ್ಟವರು ಅಂಬರ್ ವಲೆಟ್ಟಾ. ಲೋಪೆಜ್ ಅದನ್ನು 2000ದ ಫೆಬ್ರವರಿ 23ರಂದು ಗ್ರ್ಯಾಮಿ ಸಮಾರಂಭಕ್ಕೆ ತೊಟ್ಟರು. ಆ ಚಿತ್ರಕ್ಕಾಗಿ ಜನ ಹುಡುಕಿದ ಪ್ರಮಾಣವೇ ಗೂಗಲ್‌ನ ಇಮೇಜ್ ಹುಡುಕಾಟಕ್ಕೆ ಪ್ರೇರಣೆಯಾಯಿತು ಎಂದು ಆಗ ಗೂಗಲ್‌ನ ಕಾರ್ಯನಿರ್ವಾಹಕ ಅಧ್ಯಕ್ಷರಾಗಿದ್ದ ಎರಿಕ್ ಸ್ಮಿತ್ 2015ರಲ್ಲಿ ಬರೆದಿದ್ದಾರೆ. 2019ರ ಸೆಪ್ಟೆಂಬರ್ 20ರಂದು ಸ್ಪ್ರಿಂಗ್ 2020 ಶೋನ ಕೊನೆಗೆ ಅದರ ಹೊಸ ರೂಪ ತೊಟ್ಟು ಲೋಪೆಜ್ ಅವರೇ ರ‍್ಯಾಂಪಿಗೆ ಬಂದರು.

ತೆಳು ರೇಷ್ಮೆ ಶಿಫಾನ್, ಕತ್ತು ಹೊಕ್ಕುಳಿನ ಕೆಳಗಿನವರೆಗೆ ತೆರೆದದ್ದು. ಇಂಥದ್ದನ್ನು ಮೈಗೆ ಹಿಡಿಸುವುದು ಎರಡೂ ಕಡೆ ಅಂಟುವ ಟೇಪ್. ಬಳಸುವ ಕ್ರಮ ಇದು: ಚರ್ಮವನ್ನು ತೊಳೆದು ಪೂರ್ತಿ ಒಣಗಿಸಿ. ಲೋಷನ್, ಎಣ್ಣೆ, ಪೌಡರ್ ಯಾವುದೂ ಇರಬಾರದು. ಮೊದಲು ಬಟ್ಟೆಗೆ ಅಂಟಿಸಿ, ಆಮೇಲೆ ನಿಂತ ಭಂಗಿಯಲ್ಲಿ ಮೈಗೆ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಉದ್ದ ಪಟ್ಟಿಗಿಂತ 4–5 ಸೆಂ.ಮೀ. ತುಂಡುಗಳು ಒಳ್ಳೆಯವು, ಮೈ ಬಾಗಿದಾಗ ಉದ್ದ ಪಟ್ಟಿ ಒಂದು ತುದಿಯಿಂದ ಏಳುತ್ತ ಬರುತ್ತದೆ. ಬೆವರು ಇದರ ಶತ್ರು. ಮಂಗಳೂರಿನ ಮೇ ತಿಂಗಳ ಮದುವೆಗೆ ಟೇಪನ್ನೇ ನಂಬಬೇಡಿ, ಒಳಗೆ ಮೈಬಣ್ಣದ ನೆಟ್ ಹೊಲಿಸಿಕೊಳ್ಳಿ. ಶಿಫಾನ್‌ಗೆ ಅಂಟು ಕಲೆ ಮಾಡುವುದುಂಟು, ಒಳಹೊಲಿಗೆಯಲ್ಲಿ ಒಂದು ಇಂಚು ಅಂಟಿಸಿ ಪರೀಕ್ಷಿಸಿಯೇ ಮುಂದುವರಿಯಿರಿ.

ವರ್ಸಾಚೆಯ ಚಿನ್ನದ ಬಣ್ಣದ ಲೋಹದ ಗೌನ್‌ಗಳು ಯಾವ ವರ್ಷದವು?

ಎಲ್ಲರೂ ನೆನಪಿಟ್ಟುಕೊಂಡಿರುವುದು ಸ್ಪ್ರಿಂಗ್ 2018ರವು. ಜಿಯಾನಿ ವರ್ಸಾಚೆ ತೀರಿಕೊಂಡು ಇಪ್ಪತ್ತು ವರ್ಷವಾದ ನೆನಪಿಗೆ 2017ರ ಸೆಪ್ಟೆಂಬರ್ 22ರಂದು ನಡೆದ ಶೋನಲ್ಲಿ ಕಾರ್ಲಾ ಬ್ರೂನಿ, ಕ್ಲಾಡಿಯಾ ಶಿಫರ್, ನವೋಮಿ ಕ್ಯಾಂಪ್‌ಬೆಲ್, ಸಿಂಡಿ ಕ್ರಾಫರ್ಡ್, ಹೆಲೆನಾ ಕ್ರಿಸ್ಟೆನ್ಸನ್ ಐವರೂ ಆ ಗೌನ್ ತೊಟ್ಟು ಒಟ್ಟಿಗೆ ಬಂದರು. ಬಟ್ಟೆಯ ಹೆಸರು ಒರೊಟಾನ್. ಜಿಯಾನಿ ಅದನ್ನು 1982ರಲ್ಲೇ ಬಳಕೆಗೆ ತಂದಿದ್ದರು.

ಸಣ್ಣ ಲೋಹದ ಬಿಲ್ಲೆಗಳು ಕೊಂಡಿಗಳಿಂದ ಒಂದಕ್ಕೊಂದು ಸೇರಿರುತ್ತವೆ. ಪ್ರತಿ ಕೊಂಡಿಯೂ ತಿರುಗುವುದರಿಂದ ಲೋಹವಾದರೂ ರೇಷ್ಮೆಯ ಹಾಗೆ ಇಳಿಬೀಳುತ್ತದೆ. ಇಂಥ ಮೆಷ್ ಬಟ್ಟೆ ತಂದು ಹೊಲಿಸಲು ಹೊರಟವರಿಗೆ ಮೂರು ಮಾತು. ಕತ್ತರಿಸುವುದು ಬೇಡ, ಚಿಮುಟದಿಂದ ಕೊಂಡಿ ಬಿಡಿಸಿ ಆಕಾರ ತೆಗೆಯಿರಿ. ಹೆಗಲ ಪಟ್ಟಿಗೆ ಸರಪಳಿ ಬಳಸಿ, ರಿಬ್ಬನ್ ಆದರೆ ಮೆಷ್‌ನ ಅಂಚು ಅದನ್ನು ಕುಯ್ಯುತ್ತದೆ. ಹ್ಯಾಂಗರಿಗೆ ನೇತು ಹಾಕಬೇಡಿ, ತನ್ನ ಭಾರಕ್ಕೇ ಕೊಂಡಿಗಳು ಬಾಯಿ ಬಿಡುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಮಟ್ಟಸವಾಗಿ ಇಡಿ.

ಜಪಾನಿನ ಡಿಸೈನರ್ ಇಸ್ಸೇ ಮಿಯಾಕೆ ಅವರ ಉಡುಪಿನ ನೆರಿಗೆ ಒಗೆದರೂ ಹೋಗುವುದಿಲ್ಲ. ನಮ್ಮ ಕಾಟನ್ ಸ್ಕರ್ಟಿನ ನೆರಿಗೆ ಏಕೆ ನಿಲ್ಲುವುದಿಲ್ಲ?

ಪಾಲಿಯೆಸ್ಟರ್ ಶಾಖಕ್ಕೆ ಮೆತ್ತಗಾಗಿ, ತಣಿದಾಗ ಆಗಿನ ಆಕಾರವನ್ನೇ ಹಿಡಿದುಕೊಳ್ಳುವ ನಾರು. ಹತ್ತಿಯ ನೆರಿಗೆಯನ್ನು ಹಿಡಿದಿರುವ ಬಂಧಗಳು ನೀರು ತಾಗಿದೊಡನೆ ಬಿಡುತ್ತವೆ. ಎಷ್ಟು ಬಿಸಿ ಇಸ್ತ್ರಿ ಹಾಕಿದರೂ ಮುಂದಿನ ಒಗೆತದವರೆಗೆ ಮಾತ್ರ. ಮಿಶ್ರ ಬಟ್ಟೆಯಲ್ಲೂ ಪಾಲಿಯೆಸ್ಟರ್ ಪಾಲು ಅರ್ಧಕ್ಕಿಂತ ಕಡಿಮೆಯಿದ್ದರೆ ನೆರಿಗೆ ಸಡಿಲವಾಗುತ್ತದೆ. ಅಂಗಡಿಯವರು ಹೇಳಿದ್ದರ ಮೇಲೆ ಸಂಶಯವಿದ್ದರೆ ಒಂದೆಳೆ ದಾರ ಸುಟ್ಟು ನೋಡಿ: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ರೇಷ್ಮೆಗೆ ಕೂದಲು ಸುಟ್ಟ ವಾಸನೆ.

ಮಿಯಾಕೆ ಮಾಡಿದ ದೊಡ್ಡ ಕೆಲಸ ಕ್ರಮವನ್ನು ತಿರುಗಿಸಿದ್ದು. ಎಲ್ಲರೂ ನೆರಿಗೆ ಹಾಕಿದ ಬಟ್ಟೆಯಿಂದ ಉಡುಪು ಹೊಲಿಯುತ್ತಿದ್ದರು. ಅವರು ಎರಡೂವರೆಯಿಂದ ಮೂರು ಪಟ್ಟು ದೊಡ್ಡ ಉಡುಪನ್ನು ಮೊದಲು ಹೊಲಿದು, ಕಾಗದದ ಹಾಳೆಗಳ ನಡುವೆ ಇಟ್ಟು, ಬಿಸಿ ಪ್ರೆಸ್ಸಿನಲ್ಲಿ ನೆರಿಗೆ ಹಿಡಿಸಿದರು. ಪ್ಲೀಟ್ಸ್ ಪ್ಲೀಸ್ ಸಾಲು 1993ರಲ್ಲಿ ಬಂತು. ಮಡಚಿದರೆ ಬಿಲ್ಲೆಯಾಗಿ ಚಪ್ಪಟೆಯಾಗುವ, ಎತ್ತಿದರೆ ಬಣ್ಣದ ಕಂದೀಲಿನಂತೆ ಅರಳುವ ‘ಫ್ಲೈಯಿಂಗ್ ಸಾಸರ್’ ಡ್ರೆಸ್ ಸ್ಪ್ರಿಂಗ್ 1994ರದು. ಸ್ಪ್ರಿಂಗ್ 2020ಕ್ಕೆ ಮಿಯಾಕೆ ಸಂಸ್ಥೆಯ ಡಿಸೈನರ್ ಸಾತೋಶಿ ಕೊಂದೋ ಮೇಲಿನಿಂದ ಇಳಿಬಿಟ್ಟ ಉಡುಪುಗಳು ನೇರವಾಗಿ ಮಾಡೆಲ್‌ಗಳ ಮೈಮೇಲೆ ಇಳಿದು ಪುಟಿದಾಡಿದ್ದು ಆ ಪರಂಪರೆಯ ಮುಂದಿನ ಮಾತು.

ನಿಮಗೆ ಬೇಕಾದದ್ದು ಸಾಮಾನ್ಯ ನೆರಿಗೆ ಸ್ಕರ್ಟ್ ಆದರೆ ಲೆಕ್ಕ ಸುಲಭ. 2 ಸೆಂ.ಮೀ. ಕಾಣುವ ನೆರಿಗೆಗೆ 6 ಸೆಂ.ಮೀ. ಬಟ್ಟೆ ಹೋಗುತ್ತದೆ. ಹಿಪ್ 100, ಸಡಿಲಕ್ಕೆ 4 ಸೇರಿಸಿ 104 ಸೆಂ.ಮೀ. ಎಂದರೆ 52 ನೆರಿಗೆ, 312 ಸೆಂ.ಮೀ. ಸುತ್ತು. 44 ಇಂಚು ಪನ್ನಾದಲ್ಲಿ ಮೂರು ಅಗಲ ಜೋಡಿಸಿದರೆ ಸಾಕು. 75 ಸೆಂ.ಮೀ. ಉದ್ದಕ್ಕೆ ಮಡಿಕೆ, ಸೊಂಟಪಟ್ಟಿ ಎಲ್ಲ ಸೇರಿ 80 ಹಿಡಿದರೆ 2.4 ಮೀಟರ್ ಬಟ್ಟೆ. ಸೊಂಟ 80 ಇದ್ದರೆ ಉಳಿದ 24 ಸೆಂ.ಮೀ.ಯನ್ನು 52 ನೆರಿಗೆಗೂ ಹಂಚಿ: ಮೇಲ್ತುದಿಯಲ್ಲಿ ಪ್ರತಿ ನೆರಿಗೆ ಸುಮಾರು 4.5 ಮಿ.ಮೀ. ಹೆಚ್ಚು ಒಳಸರಿಯಬೇಕು. ಎರಡೇ ಡಾರ್ಟ್‌ನಲ್ಲಿ ಕಡಿಮೆ ಮಾಡಿದರೆ ಅಲ್ಲಿ ನೆರಿಗೆ ಬಾಯಿ ಬಿಡುತ್ತದೆ. ಕೆಳ ಅಂಚಿನ ಹೆಮ್ಮಿಂಗ್ ಮುಗಿಸಿಯೇ ಪ್ಲೀಟಿಂಗ್‌ಗೆ ಕೊಡಿ, ಅಗಲಗಳ ಜೋಡಣೆ ಒಳಮಡಿಕೆಯಲ್ಲಿ ಬರುವಂತೆ ನೋಡಿಕೊಳ್ಳಿ. ಮನೆಯ ಇಸ್ತ್ರಿಪೆಟ್ಟಿಗೆಯಿಂದ ಪಾಲಿಯೆಸ್ಟರಿಗೆ ಕಾಯಂ ನೆರಿಗೆ ಹಿಡಿಸಲು ಹೋದರೆ ಶಾಖ ಒಂದೇ ಸಮ ಸಿಗದೆ ಕೆಲವು ಕಡೆ ಹೊಳಪಿನ ಕಲೆಯಾಗುತ್ತದೆ. ಪ್ಲೀಟಿಂಗ್ ಮಷೀನ್ ಇರುವವರ ಹತ್ತಿರ ಮಾಡಿಸಿ.

ತಾನಾಗಿ ರೂಪ ಬದಲಿಸಿದ ಡ್ರೆಸ್‌ಗಳ ಒಳಗೆ ಏನಿತ್ತು?

ಡಿಸೈನರ್ ಹುಸೇನ್ ಚಾಲಾಯನ್ ಅವರ ಸ್ಪ್ರಿಂಗ್ 2007 ಸಂಗ್ರಹ, ‘ಒನ್ ಹಂಡ್ರೆಡ್ ಆಂಡ್ ಇಲೆವೆನ್’. ಮಾಡೆಲ್ ಸುಮ್ಮನೆ ನಿಂತಿರುವಂತೆಯೇ ಕತ್ತಿನ ಪಟ್ಟಿ ತೆರೆದುಕೊಳ್ಳುತ್ತದೆ, ಲಂಗ ಮೇಲೇರುತ್ತದೆ, ಒಂದು ದಶಕದ ಉಡುಪು ಮುಂದಿನ ದಶಕದ್ದಾಗುತ್ತದೆ. 1895ರಿಂದ ಶುರುವಾಗಿ ನೂರಕ್ಕೂ ಹೆಚ್ಚು ವರ್ಷದ ಫ್ಯಾಷನ್ ಕಣ್ಣೆದುರು ಸಾಗುತ್ತದೆ. ಕೊನೆಯ ಮಾಡೆಲ್‌ನ ಉಡುಪು ಪೂರ್ತಿ ಟೋಪಿಯೊಳಗೆ ಸೇರಿಹೋಯಿತು.

ಯಂತ್ರಭಾಗ ಲಂಡನ್ನಿನ 2ಡಿ3ಡಿ ತಂಡದ್ದು. ಲಂಗದ ಹಿಂಭಾಗದಲ್ಲಿ ಅಡಗಿಸಿದ ಪ್ಯಾಡಿನಲ್ಲಿ ಬ್ಯಾಟರಿ, ಮೈಕ್ರೊಕಂಟ್ರೋಲರ್, ಬೆರಳಿಗಿಂತ ಚಿಕ್ಕ ಗೇರ್ ಮೋಟಾರ್‌ಗಳು. ಪ್ರತಿ ಮೋಟಾರಿಗೆ ಒಂದು ರಾಟೆ, ರಾಟೆಗೆ ತೆಳುವಾದ ನೈಲಾನ್ ಎಳೆ. ಆ ಎಳೆಗಳು ಕಾರ್ಸೆಟ್ಟಿಗೆ, ಅಂದರೆ ಮೈ ಬಿಗಿಯುವ ಒಳಉಡುಪಿಗೆ, ಹೊಲಿದ ಪೊಳ್ಳು ಕೊಳವೆಗಳೊಳಗಿಂದ ಹೋಗಿ ಉಡುಪಿನ ಬೇರೆ ಬೇರೆ ತುದಿಗಳನ್ನು ಎಳೆಯುತ್ತಿದ್ದವು. ಕೆಲವು ಕಾರ್ಸೆಟ್‌ಗಳಲ್ಲಿ ಇಂಥ ಕೊಳವೆ 30–40 ಇದ್ದವು. ಕೊಳವೆ ಏಕೆ ಬೇಕೆಂದರೆ, ಎಳೆ ನೇರವಾಗಿ ಬಟ್ಟೆಗೆ ಉಜ್ಜಿದರೆ ಎಳೆತ ಎಲ್ಲೆಲ್ಲೋ ಹಂಚಿಹೋಗಿ ಬಟ್ಟೆ ಮುದುಡುತ್ತದೆ, ಬೇಕಾದ ತುದಿ ಏಳುವುದಿಲ್ಲ. ಈ ಸಂಗ್ರಹವನ್ನು ತಂತ್ರಜ್ಞಾನದ ಪ್ರದರ್ಶನ ಎಂದು ಬದಿಗಿಡುವವರಿದ್ದಾರೆ, ನಾವು ಒಪ್ಪುವುದಿಲ್ಲ. ಮೋಟಾರ್ ನಿಂತ ಮೇಲೂ ಪ್ರತಿ ಹಂತದ ಉಡುಪು ತನ್ನಷ್ಟಕ್ಕೆ ಸುಂದರವಾಗಿ, ಸರಿಯಾಗಿ ಮೈಗೆ ಕೂತಿರುತ್ತದೆ. ಒಂದೇ ಉಡುಪಿಗೆ ಮೂರು ಮೂರು ಕಟಿಂಗ್ ಯೋಚಿಸಿದ ಕೆಲಸ ಅದು.

ನೀರಿನಲ್ಲಿ ಕರಗಿದ ಕೋಟು?

ಅದೂ ಚಾಲಾಯನ್ ಅವರದೇ, ಸ್ಪ್ರಿಂಗ್ 2016. ಇಬ್ಬರು ಮಾಡೆಲ್‌ಗಳ ಮೇಲೆ ನೀರು ಸುರಿದಾಗ ಹೊರಗಿನ ಬಿಳಿ ಕೋಟು ಕರಗಿ ಒಳಗಿನ ಕಸೂತಿ ಡ್ರೆಸ್ ಕಂಡಿತು. ನೀರಿನಲ್ಲಿ ಕರಗುವ ಬಟ್ಟೆ ಅಪರೂಪದ್ದೇನಲ್ಲ. ಮಷೀನ್ ಎಂಬ್ರಾಯ್ಡರಿಯಲ್ಲಿ ಲೇಸ್ ಮಾಡುವವರು ಇಂಥ ಬಟ್ಟೆಯ ಮೇಲೆ ಹೊಲಿದು, ಆಮೇಲೆ ತೊಳೆದು ದಾರದ ಜಾಲವನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಇದನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಇಡದಿದ್ದರೆ ತೇವಕ್ಕೇ ಅಂಟಂಟಾಗುತ್ತದೆ.

ಮೈಮೇಲೆ ಗಂಟುಗಂಟಾಗಿ ಉಬ್ಬಿದ ಗಿಂಗಮ್ ಡ್ರೆಸ್‌ಗಳನ್ನು ಯಾರು ತಾನೇ ತೊಡುತ್ತಾರೆ?

ಇವು ಜಪಾನಿನ ಡಿಸೈನರ್ ರೇ ಕವಾಕುಬೊ ಅವರ ಬ್ರ್ಯಾಂಡ್ ಕೊಮ್ ದೇ ಗಾರ್ಸೋದ ಸ್ಪ್ರಿಂಗ್ 1997 ಸಂಗ್ರಹದವು. ಹಿಗ್ಗುವ ಚೌಕಳಿ ಬಟ್ಟೆಯೊಳಗೆ ಹೆಗಲು, ಬೆನ್ನು, ಸೊಂಟದ ಬದಿಯಲ್ಲಿ ತುಪ್ಪುಳದ ಪ್ಯಾಡ್‌ಗಳು. ಚೌಕಳಿಯ ಆಯ್ಕೆ ಬಹಳ ಸೂಕ್ಷ್ಮದ್ದು: ನೇರ ಗೆರೆಗಳು ಉಬ್ಬಿನ ಮೇಲೆ ಬಾಗುವುದರಿಂದ ಆಕಾರ ದೂರದಿಂದಲೂ ಓದಲು ಸಿಗುತ್ತದೆ. ಪ್ಯಾಡ್ ತೆಗೆದು ತೊಟ್ಟವರೂ ಇದ್ದಾರೆ. ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅದೇ ವರ್ಷ ತಮ್ಮ ನೃತ್ಯಕ್ಕೆ ಕವಾಕುಬೊ ಅವರಿಂದ ಇಂಥವೇ ಉಡುಪು ಮಾಡಿಸಿದರು. ಸೌಂದರ್ಯದ ಅಳತೆಪಟ್ಟಿಯನ್ನೇ ಪ್ರಶ್ನಿಸಿದ ಸಂಗ್ರಹಗಳಲ್ಲಿ ಇದಕ್ಕೆ ಸಮನಾದದ್ದು ನಮಗೆ ಕಾಣುವುದಿಲ್ಲ.

ಪ್ರಾಡಾ ರ‍್ಯಾಂಪಿನಲ್ಲಿ ಕೊಲ್ಹಾಪುರಿ ಬಂದದ್ದು ವಸಂತ ಸಂಗ್ರಹದಲ್ಲೇ? ಕರ್ನಾಟಕಕ್ಕೇನು ಸಂಬಂಧ?

ಹೌದು. ಪುರುಷರ ಸ್ಪ್ರಿಂಗ್–ಸಮ್ಮರ್ 2026. ಮಿಲಾನ್‌ನಲ್ಲಿ 2025ರ ಜೂನ್‌ನಲ್ಲಿ ತೋರಿಸಿದ್ದು. ಹೆಬ್ಬೆರಳಿನ ಉಂಗುರ, ಹೆಣೆದ ಪಟ್ಟಿ, ಚಪ್ಪಟೆ ಅಟ್ಟೆ ಎಲ್ಲವೂ ಕೊಲ್ಹಾಪುರಿಯವೇ, ಆದರೆ ಮೂಲದ ಹೆಸರಿರಲಿಲ್ಲ. ಆಕ್ಷೇಪ ಎದ್ದ ಮೇಲೆ ಕಂಪನಿ ಭಾರತೀಯ ಕರಕುಶಲದ ಪ್ರೇರಣೆ ಎಂದು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮೋದ್ಯಮ ನಿಗಮಗಳೊಂದಿಗೆ, ಇಲ್ಲಿಯ ಕುಶಲಕರ್ಮಿಗಳಿಂದಲೇ ಮಾಡಿಸುವ ಒಪ್ಪಂದಕ್ಕೆ ಬಂತು.

2019ರಲ್ಲಿ ಸಿಕ್ಕ ಭೌಗೋಳಿಕ ಸೂಚಿ ಮಾನ್ಯತೆ ಎರಡು ರಾಜ್ಯಗಳದು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಕರ್ನಾಟಕದ ಕಡೆಯಿಂದ ರಾಜ್ಯದ ಚರ್ಮೋದ್ಯಮ ನಿಗಮವಾದ ಲಿಡ್ಕರ್ ಸಹಪಾಲುದಾರ. ಅಥಣಿ, ನಿಪ್ಪಾಣಿ ಸುತ್ತಿನ ಕುಟುಂಬಗಳು ತಲೆಮಾರುಗಳಿಂದ ಮಾಡುತ್ತ ಬಂದ ಚಪ್ಪಲಿ ಇದು. ಸುದ್ದಿಗಳಲ್ಲಿ ಒಂದೇ ರಾಜ್ಯದ ಹೆಸರು ಬಂದಾಗ ಇದನ್ನು ಎತ್ತಿ ಹೇಳಲೇಬೇಕು.

ಕೊಳ್ಳುವಾಗ ಅಟ್ಟೆಯ ಅಂಚು ನೋಡಿ. ಅಸಲಿಯಲ್ಲಿ ಪದರಗಳನ್ನು ಚರ್ಮದ ಎಳೆಯಿಂದಲೇ ಹೊಲಿದಿರುತ್ತಾರೆ, ಮೊಳೆ ಇರುವುದಿಲ್ಲ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮಕ್ಕೆ ಮಣ್ಣಿನಂಥ ವಾಸನೆ ಇರುತ್ತದೆ, ರಾಸಾಯನಿಕದ ಘಾಟು ಇರುವುದಿಲ್ಲ. ಹೊಸದು ಕಚ್ಚುತ್ತದೆ; ಪಟ್ಟಿಯ ಒಳಬದಿಗೆ ಎಣ್ಣೆ ಸವರಿ ರಾತ್ರಿ ಇಟ್ಟು, ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಮೆಟ್ಟಿ. ಮಳೆಯಲ್ಲಿ ಬೇಡ. ನೀರು ಕುಡಿದ ಪದರಗಳು ಊದಿ ಬಿಡುತ್ತವೆ. ನೆನೆದರೆ ನೆರಳಿನಲ್ಲಿ ಒಣಗಿಸಿ, ಬಿಸಿಲಿನಲ್ಲಿ ಇಟ್ಟರೆ ಬಿರಿಯುತ್ತದೆ.

ವಿದೇಶಿ ಡಿಸೈನರ್‌ಗಳ ಕಸೂತಿ ಭಾರತದಲ್ಲಿ ಆಗುತ್ತದೆಯಂತೆ, ನಿಜವೇ?

ನಿಜ. ಬೆಲ್ಜಿಯಂನ ಡ್ರೀಸ್ ವಾನ್ ನೋಟನ್ ದಶಕಗಳಿಂದ ಕೋಲ್ಕತ್ತಾದ ಕಸೂತಿಗಾರರೊಂದಿಗೆ ಕೆಲಸ ಮಾಡಿದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಅವರ ವಸಂತ ಸಂಗ್ರಹಗಳ ಹೂವಿನ ಕೋಟುಗಳನ್ನು ನೋಡುವಾಗ ಆ ಕೈಗಳು ನೆನಪಿರಲಿ.

ರ‍್ಯಾಂಪಿನ ಫೋಟೊ ಕೊಟ್ಟು ಟೈಲರ್ ಹತ್ತಿರ ಹೊಲಿಸಿದರೆ ಯಾವಾಗಲೂ ಬೇರೆಯೇ ಆಗುತ್ತದೆ. ತಪ್ಪು ಎಲ್ಲಿ?

ಬಹುತೇಕ ಬಟ್ಟೆಯಲ್ಲಿ, ಆಮೇಲೆ ಅಳತೆಯಲ್ಲಿ. ಒಂದೇ ಎದುರಿನ ಫೋಟೊ ಕೊಡಬೇಡಿ. ಎದುರು, ಬದಿ, ಬೆನ್ನು ಮೂರೂ ಬೇಕು. ಬದಿ ಮತ್ತು ಬೆನ್ನನ್ನು ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಬಟ್ಟೆಯ ಹೆಸರಿಗಿಂತ ಅದರ ಬೀಳು ಮುಖ್ಯ. ಅಂಗಡಿಯಲ್ಲಿ ಒಂದು ಮೀಟರಿನಷ್ಟು ಬಿಚ್ಚಿಸಿ, ಮೂಲೆ ಹಿಡಿದು ಎತ್ತಿ ನೋಡಿ. ಫೋಟೊದಲ್ಲಿ ಮೈಗೆ ಒರಗಿ ಇಳಿದಿದ್ದರೆ ಕ್ರೇಪ್ ಥರದ್ದು, ಮೈ ಬಿಟ್ಟು ನಿಂತಿದ್ದರೆ ಆರ್ಗಾಂಜಾ, ಟಫೆಟಾ ಥರದ್ದು. ಇವು ಅದಲುಬದಲಾದರೆ ಎಷ್ಟೇ ಒಳ್ಳೆ ಹೊಲಿಗೆಯೂ ಉಳಿಸದು.

ಮಾಡೆಲ್‌ಗಳು 175–180 ಸೆಂ.ಮೀ. ಎತ್ತರದವರು, ಮೇಲೆ ಹೀಲ್ಸ್ ಬೇರೆ. ನಿಮ್ಮ ಎತ್ತರ 157 ಎಂದರೆ ಸುಮಾರು ಎಂಟರಲ್ಲಿ ಒಂದು ಪಾಲು ಕಡಿಮೆ. ಈ ವ್ಯತ್ಯಾಸವನ್ನು ಕೆಳ ಅಂಚಿನಲ್ಲೇ ಕತ್ತರಿಸಿದರೆ ಸೊಂಟದ ಗೆರೆ, ಜೇಬು, ಸೀಳು ಎಲ್ಲ ಕೆಳಗೆ ಕೂರುತ್ತವೆ. ಹೆಗಲಿನಿಂದ ಸೊಂಟ, ಸೊಂಟದಿಂದ ಮಂಡಿ, ಮಂಡಿಯಿಂದ ಪಾದ ಮೂರು ಕಡೆಯೂ ಪಾಲು ಪಾಲಾಗಿ ಕಡಿಮೆ ಮಾಡಿಸಿ. ದೊಡ್ಡ ಪ್ರಿಂಟ್ ಇದ್ದರೆ ಅದನ್ನೂ ಅದೇ ಪ್ರಮಾಣದಲ್ಲಿ ಚಿಕ್ಕದಾಗಿ ಆರಿಸಿ.

ಕ್ರಾಸ್ ಕಟಿಂಗ್‌ನ ಗೌನ್ ಆದರೆ ಬಟ್ಟೆ ಸುಮಾರು ಒಂದೂವರೆ ಪಟ್ಟು ಬೇಕು. ಹೊಲಿದ ಮೇಲೆ ಒಂದು ದಿನ ಪೂರ್ತಿ ನೇತು ಹಾಕಿ, ಎಳೆ ಇಳಿದ ಮೇಲೆ ಅಂಚು ಸಮ ಮಾಡಿ ಮಡಿಸಬೇಕು. ಅವಸರದ ಟೈಲರ್ ಈ ಒಂದು ದಿನ ಬಿಡುತ್ತಾರೆ, ಎರಡನೇ ಸಲ ತೊಡುವಷ್ಟರಲ್ಲಿ ಅಂಚು ಏರುಪೇರಾಗಿರುತ್ತದೆ. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಗ್ಗದ ಬಿಳಿ ಬಟ್ಟೆಯಲ್ಲಿ ಒಂದು ಟ್ರಯಲ್ ಹೊಲಿಸಿ. ಅದಕ್ಕೆ ಕೂಲಿ ಕೊಡಿ; ಪುಕ್ಕಟೆ ಕೇಳುವ ಕೆಲಸ ಅಲ್ಲ ಅದು.

ಹಾಗೆ ನಕಲು ಮಾಡಿಸುವುದು ಕಾನೂನಿಗೆ ವಿರುದ್ಧವೇ?

ನಿಮಗಾಗಿ ಒಂದು ಹೊಲಿಸಿಕೊಳ್ಳುವುದು ಬೇರೆ, ಮಾಡಿ ಮಾರುವುದು ಬೇರೆ. ಭಾರತದಲ್ಲಿ ಉಡುಪಿನ ವಿನ್ಯಾಸಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಬಹುದು: ಮೊದಲು ಹತ್ತು ವರ್ಷ, ಆಮೇಲೆ ಇನ್ನೈದು. ಹಾಗೆ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ ಕಾರ್ಖಾನೆ ರೀತಿಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಕೃತಿಸ್ವಾಮ್ಯವೂ ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಸೆಕ್ಷನ್ ಹಾಗೆ ಹೇಳುತ್ತದೆ. ಲೋಗೊ, ಬ್ರ್ಯಾಂಡಿನ ಹೆಸರು ಹಾಕಿ ಮಾರಿದರೆ ಟ್ರೇಡ್‌ಮಾರ್ಕ್ ಉಲ್ಲಂಘನೆ. ಬೊಟಿಕ್ ನಡೆಸುವವರು ಮಾರಾಟಕ್ಕೆ ಮುನ್ನ ವಕೀಲರನ್ನು ಕೇಳುವುದೇ ಸರಿ.

ಈ ಲುಕ್‌ಗಳನ್ನು ಸರಿಯಾಗಿ ನೋಡಲು ಎಲ್ಲಿ ಹೋಗಬೇಕು?

ವೋಗ್ ರನ್‌ವೇಯಲ್ಲಿ ಬ್ರ್ಯಾಂಡ್, ಋತು, ವರ್ಷದ ಪ್ರಕಾರ ಪಟ್ಟಿ ಇದೆ. ಪೂರ್ಣ ಲುಕ್‌ಗಳ ಪಕ್ಕದಲ್ಲಿ ಹತ್ತಿರದಿಂದ ತೆಗೆದ ವಿವರ ಚಿತ್ರಗಳ ವಿಭಾಗ ಇರುತ್ತದೆ, ಹೊಲಿಗೆ ಕಾಣುವುದು ಅಲ್ಲಿ. ಬ್ರ್ಯಾಂಡುಗಳ ಯೂಟ್ಯೂಬ್ ಚಾನೆಲ್‌ನಲ್ಲಿ ಪೂರ್ತಿ ಶೋ ಸಿಗುತ್ತದೆ, ವೇಗವನ್ನು 0.5ಕ್ಕೆ ಇಳಿಸಿ ನೋಡಿ. ಹಳೆಯ ಉಡುಪಿಗೆ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗಳ ಜಾಲತಾಣ ಉತ್ತಮ. ಅಲ್ಲಿ ಪ್ರತಿ ವಸ್ತುವಿನ ಕೆಳಗೆ ಬಟ್ಟೆ ಯಾವುದೆಂದು ಒಂದು ಸಾಲು ಇರುತ್ತದೆ. ಅಂಗಡಿಗೆ ಹೋಗುವ ಮುನ್ನ ಅದನ್ನು ಬರೆದುಕೊಳ್ಳಿ.